ಪಾಚಿಗೆ ಉಣಿಸುವವರು ನಾವೇ

ಕಳೆದ ಕಾರ್ತಿಕ ಮಾಸದಲ್ಲಿ ಮೂಡುಬಿದಿರೆಯ ಭಕ್ತರೊಬ್ಬರ ಮನೆಗೆ ಪೂಜೆಯ ನಿಮಿತ್ತ ಹೋಗಿದ್ದೆವು. ಘಟ್ಟದ ಮೇಲಿನಿಂದ ಬಂದು ನೆಲೆಸಿ, ಬೆಳ್ತಂಗಡಿಯ ಕಡೆ ಒಂದಿಷ್ಟು ಅಡಿಕೆ ತೋಟ ಮಾಡಿಕೊಂಡಿರುವ ಸಾತ್ತ್ವಿಕ ಕುಟುಂಬವದು. ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದಿತ್ತು. ಕಾಲೇಜಿನಲ್ಲಿ ಓದುವ ಮಗನು ಅದರಲ್ಲಿ ಉಪ್ಪುನೀರು ತುಂಬಿ ಕಡಲಿನ ಮೀನುಗಳನ್ನು ಸಾಕಿದ್ದನು. ಆದರೆ ಕಲ್ಲುಗಳ ಮೇಲೆಲ್ಲ ಕೂದಲಿನಂತಹ ಹಸುರು ಪಾಚಿ ಹಬ್ಬಿ, ಗಾಜು ಮಬ್ಬಾಗಿ, ಮೀನುಗಳೇ ಕಾಣದಂತಾಗಿತ್ತು. ಯಜಮಾನರು ತೋಟದ ಕೊಳೆರೋಗಕ್ಕೆಂದು ತಂದಿರಿಸಿದ್ದ ಮೈಲುತುತ್ತದ ಪೊಟ್ಟಣವನ್ನು ಹಿಡಿದು ಬಂದು, "ಅಯ್ಯನವರೇ, ಇದರ ಒಂದು ಚಿಟಿಕೆ ಹಾಕಿದರೆ ಪಾಚಿ ಸಾಯುತ್ತದಂತೆ, ಹಾಕಲೇ?" ಎಂದು ಕೇಳಿದರು. ನಾವು ಬೇಡವೆಂದೆವು. ಹಾಗೆನ್ನಲು ನಮಗೆ ಶಾಸ್ತ್ರಾಧಾರಕ್ಕಿಂತ ಮಿಗಿಲಾಗಿ ಸ್ವಂತ ತಪ್ಪಿನ ಆಧಾರವಿತ್ತು.

ನಾವು ಮಠವೊಂದರಲ್ಲಿ ವಿದ್ಯಾರ್ಥಿಯಾಗಿದ್ದ ಕಾಲವದು. ಜಾತ್ರೆ ಸಮೀಪಿಸಿದ್ದಾಗ ಮಠದ ಕೊಳವು ಹಸುರುಗಟ್ಟಿತ್ತು. ಹಿರಿಯರನ್ನು ಕೇಳದೆ, ಇಬ್ಬರು ಸಹಪಾಠಿಗಳೊಡನೆ ಕೂಡಿ, ಮೈಲುತುತ್ತವನ್ನು ಕರಗಿಸಿ ಸುರಿದೆವು. ಎರಡು ದಿನಗಳಲ್ಲಿ ಹಸುರು ಕಂದಾಯಿತು. ಮೂರನೆಯ ದಿನ ಬೆಳಗ್ಗೆ ಕೊಳದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗುರುಗಳು ಗದರಲಿಲ್ಲ. ಸತ್ತ ಮೀನುಗಳನ್ನು ನಮ್ಮ ಕೈಯಿಂದಲೇ ತೆಗೆಸಿ ಹೂಳಿಸಿದರು. ಬಳಿಕ, "ಇಷ್ಟು ದಿನ ಈ ಪಾಚಿಗೆ ಉಣಿಸಿದವರು ಯಾರು?" ಎಂದಷ್ಟೇ ಕೇಳಿದರು. ಮುಂದಿನ ಬೇಸಿಗೆಗೆ ಪಾಚಿ ಮರಳಿ ಬಂದಿತು; ಮೀನುಗಳು ಬರಲಿಲ್ಲ.

ಆ ಪ್ರಶ್ನೆಯ ಅರ್ಥ ನಮಗೆ ತಿಳಿದುದು ತಡವಾಗಿ. ಪಾಚಿ ಬೆಳೆಯಲು ನೀರು, ಬೆಳಕುಗಳ ಜೊತೆಗೆ ಆಹಾರವೂ ಬೇಕು. ಸಾರಜನಕ ಮತ್ತು ರಂಜಕದ ಲವಣಗಳೇ ಅದರ ಮುಖ್ಯ ಆಹಾರ. ಮೀನು ತಿನ್ನದೆ ಬಿಟ್ಟ ಕಾಳು, ಅದರ ಮಲ, ಕೊಳೆತ ಎಲೆ, ಹೂವು ಇವೆಲ್ಲವೂ ಸೂಕ್ಷ್ಮಜೀವಿಗಳಿಂದ ಜೀರ್ಣಗೊಂಡು ಕೊನೆಗೆ ನೈಟ್ರೇಟ್, ಫಾಸ್ಫೇಟ್‌ಗಳಾಗುತ್ತವೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದು ಪಾಚಿಯನ್ನು ಕೊಲ್ಲುವುದು ದಿಟ. ಆದರೆ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕುಂದುತ್ತದೆ, ಪಾಚಿ ಉಂಡಿದ್ದ ಲವಣಗಳು ಮರಳಿ ನೀರಿಗೇ ಸೇರುತ್ತವೆ, ತಾಮ್ರವು ತಳದ ಕೆಸರಿನಲ್ಲಿ ಉಳಿಯುತ್ತದೆ. ಕಡಲನೀರಿನ ತೊಟ್ಟಿಯಲ್ಲಿ ಪಾಚಿಯನ್ನು ಮೇಯುವ ಬಸವನಹುಳು, ಸೀಗಡಿಗಳಿಗೆ ಅತ್ಯಲ್ಪ ತಾಮ್ರವೂ ಮೃತ್ಯುವೇ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದ ಬೋರ್ಡೋ ದ್ರಾವಣವು ಅಡಿಕೆಯ ಗೊನೆಗೆ ಮದ್ದು. ಅದೇ ತಾಮ್ರವು ಜಲಚರಗಳಿಗೆ ವಿಷ.

ಹಾಗಾದರೆ ಆ ಮನೆಯ ಪಾಚಿಗೆ ಉಣಿಸುತ್ತಿದ್ದವರಾರು? ವಿಚಾರಿಸಲಾಗಿ, ಎಂಬತ್ತು ಸಮೀಪಿಸಿದ ಅಜ್ಜಿಯವರು ದಿನಕ್ಕೆ ನಾಲ್ಕು ಸಲ ಮೀನುಗಳಿಗೆ ಕಾಳು ಹಾಕುತ್ತಿದ್ದರೆಂದು ತಿಳಿಯಿತು. "ಹಸಿದ ಜೀವಕ್ಕೆ ಹಿಡಿ ಆಹಾರ ಹಾಕುವುದು ತಪ್ಪೇ, ಅಯ್ಯನವರೇ?" ಎಂದ ಆ ತಾಯಿಯ ಕಣ್ಣು ತುಂಬಿತ್ತು. "ತಪ್ಪಲ್ಲ, ತಾಯಿ. ಆದರೆ ಹಸಿವೆ ತೀರಿದ ಮೇಲೆ ಸುರಿಯುವುದು ದಾಸೋಹವಾಗದು, ಉಣ್ಣುವವರ ಅಳತೆಯನ್ನು ಅರಿತು ನೀಡುವುದೇ ದಾಸೋಹ" ಎಂದೆವು.

ಮಗನಿಗೆ ಹೇಳಿದುದಿಷ್ಟು: ಎರಡು ಮೂರು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರವಿರಲಿ. ಪಾಚಿಯನ್ನು ಕೈಯಿಂದ ಕಿತ್ತು ಹೊರಗೆ ಹಾಕಬೇಕು. ಕಿತ್ತ ಪಾಚಿಯೊಡನೆ ಅದು ಉಂಡ ಲವಣವೂ ಹೊರಹೋಗುತ್ತದೆ. ವಾರಕ್ಕೊಮ್ಮೆ ನೀರಿನ ಹತ್ತರಲ್ಲೊಂದು ಭಾಗವನ್ನು ತೆಗೆದು, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಡಲಿನ ಲವಣಮಿಶ್ರಣ ಬೆರೆಸಿದ ಹೊಸ ನೀರನ್ನು ತುಂಬಬೇಕು. ಆವಿಯಾದ ನೀರಿಗೆ ಬದಲಾಗಿ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಕಿಟಕಿಯ ಬಿಸಿಲು ತೊಟ್ಟಿಗೆ ತಾಗಬಾರದು. ದೀಪ ದಿನಕ್ಕೆ 8 ಗಂಟೆ ಸಾಕು. ಇನ್ನೊಂದು ಮಾತು: ಅಂದಕ್ಕೆಂದು ಕಡಲಿನಿಂದ ಹವಳವನ್ನು ಕಿತ್ತು ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಕಲ್ಲುಹವಳಗಳನ್ನು 2001ರಲ್ಲಿ ಸೇರಿಸಲಾಗಿದೆ.

ಮನೆಯ ತೊಟ್ಟಿಯ ನಿಯಮವೇ ಊರ ಕೆರೆಯ ನಿಯಮವೂ ಹೌದು. ಹದಿನೆಂಟು ಬಸದಿ, ಹದಿನೆಂಟು ದೇವಾಲಯ, ಹದಿನೆಂಟು ಕೆರೆಗಳ ಊರೆಂದು ಮೂಡುಬಿದಿರೆಯ ಪ್ರತೀತಿ. ಬಂಟ್ವಾಳ ತಾಲ್ಲೂಕಿನ ಕಾರಿಂಜದಲ್ಲಿ ಬೆಟ್ಟದ ಬುಡದ ಗದಾತೀರ್ಥದಲ್ಲಿ ಆಟಿ ಅಮಾವಾಸ್ಯೆಯಂದು ಭಕ್ತರು ತೀರ್ಥಸ್ನಾನ ಮಾಡುತ್ತಾರೆ. ಇಂತಹ ನೀರಿಗೆ ನಾವು ಬಿಡುವ ಸಾಬೂನು, ಬಾಡಿದ ಹೂಮಾಲೆ, ಉಳಿದ ನೈವೇದ್ಯ, ಮಳೆಯಲ್ಲಿ ತೋಟದಿಂದ ಹರಿದು ಬರುವ ಗೊಬ್ಬರ ಇವೆಲ್ಲವೂ ಪಾಚಿಯ ಪಾಲಿಗೆ ಮೃಷ್ಟಾನ್ನವೇ. ಕೆಲವು ನೀಲಿಹಸುರು ಪಾಚಿಗಳು ವಿಷಕಾರಿಯಾಗಿದ್ದು, ಆ ನೀರು ಕುಡಿದ ದನಕರುಗಳು ಸಾಯುವುದೂ ಉಂಟು. ಹೂವು, ನೈವೇದ್ಯಗಳನ್ನು ತೆಂಗಿನ ಬುಡಕ್ಕೆ ಹಾಕಿದರೆ ಅವೇ ಗೊಬ್ಬರವಾಗುತ್ತವೆ.

ಹೂಳೆತ್ತುವುದೆಂದರೆ ವರ್ಷಗಳಿಂದ ತಳದಲ್ಲಿ ಸಂಚಯವಾದ ಪಾಚಿಯ ಬುತ್ತಿಯನ್ನು ಹೊರಹಾಕುವುದೆಂದೇ ಅರ್ಥ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 'ನಮ್ಮೂರು ನಮ್ಮ ಕೆರೆ' ಕಾರ್ಯಕ್ರಮದಡಿ ರಾಜ್ಯದ ಅನೇಕ ಕೆರೆಗಳ ಹೂಳೆತ್ತಿಸಿದೆ. ನಮ್ಮ ಪರಂಪರೆಗೂ ಇದು ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದರು. ಕೆರೆ ಕಟ್ಟುವುದು ಕಾಯಕವಾದರೆ, ಕಟ್ಟಿದ ಕೆರೆಯನ್ನು ಕೆಡದಂತೆ ಕಾಯುವುದೂ ಕಾಯಕವೇ.

ಶಿವರಾತ್ರಿಯ ಹೊತ್ತಿಗೆ ಆ ಮನೆಗೆ ಮತ್ತೆ ಹೋದೆವು. ಪಾಚಿ ಪೂರ್ತಿ ಹೋಗಿರಲಿಲ್ಲ. ಮೂಲೆಯ ಕಲ್ಲೊಂದರ ಮೇಲೆ ಉಳಿದಿತ್ತು. ಆದರೆ ಗಾಜು ತಿಳಿಯಾಗಿ ಮೀನುಗಳು ಕಾಣುತ್ತಿದ್ದವು. ಅಜ್ಜಿಯವರು ಪುಟ್ಟ ಚಮಚೆಯಲ್ಲಿ ಒಂದೇ ಒಂದು ಸಲ ಕಾಳು ಹಾಕಿ, ಅವು ತಿಂದು ಮುಗಿಸುವವರೆಗೂ ನೋಡುತ್ತ ಕುಳಿತಿದ್ದರು. ಮೈಲುತುತ್ತದ ಪೊಟ್ಟಣವು ಮಳೆಗಾಲದ ಸಿಂಪಡಣೆಗಾಗಿ ತೋಟದ ಕೊಟ್ಟಿಗೆಯನ್ನು ಸೇರಿತ್ತು.