ಚಪ್ಪಟೆ ಮಸೂರಕ್ಕೆ ಬೆಂಗಳೂರಿನ ಬೇರು

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಜನ ವಿಮ್ಸ್ ಎಂದೇ ಕರೆದು ರೂಢಿಯಾದ ವೈದ್ಯಕೀಯ ಕಾಲೇಜು ಇದೆ. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಸ್ಸು ಹತ್ತಿ ಬಂದ ರೋಗಿಯ ಕಫವನ್ನು ಮೈಕ್ರೋಸ್ಕೋಪಿನಡಿ ನೋಡುವುದಿರಲಿ, ಹೊಟ್ಟೆಯೊಳಗೆ ಎಂಡೋಸ್ಕೋಪ್ ಇಳಿಸುವುದಿರಲಿ, ಕಣ್ಣಿನ ಪೊರೆ ತೆಗೆಯುವುದಿರಲಿ, ಇಂಥ ಆಸ್ಪತ್ರೆಗಳ ಎಷ್ಟೋ ಕೆಲಸ ನಡೆಯುವುದು ಮಸೂರದಿಂದ. ಹೊರಗೆ ಸರದಿಗೆ ಕಾದು ಕುಳಿತವರ ಕೈಯಲ್ಲಿರುವ ಮೊಬೈಲಿನಲ್ಲೂ ಮಸೂರಗಳಿವೆ. ಫೋನು ಎಷ್ಟೇ ತೆಳ್ಳಗಾದರೂ ಬೆನ್ನಿನ ಮೇಲಿನ ಕ್ಯಾಮೆರಾ ಮಾತ್ರ ಉಬ್ಬಿಕೊಂಡೇ ಇರುತ್ತದೆ, ಏಕೆಂದರೆ ಅದರೊಳಗೆ ಹಲವು ಪುಟ್ಟ ಮಸೂರಗಳು ಒಂದರ ಮೇಲೊಂದು ಕೂತಿರುತ್ತವೆ.

ಈ ಉಬ್ಬನ್ನು ಇಲ್ಲವಾಗಿಸಬಲ್ಲ ಹೊಸ ಬಗೆಯ ಮಸೂರ ಈಗ ಪ್ರಯೋಗಾಲಯ ದಾಟಿ ಕಾರ್ಖಾನೆಗೆ ಬಂದಿದೆ. ಹೆಸರು ಮೆಟಾಲೆನ್ಸ್. ಇದು ಪೂರ್ತಿ ಚಪ್ಪಟೆ. ಬೆಳಕನ್ನು ಬಗ್ಗಿಸುವ ಭಾಗದ ದಪ್ಪ ಕೂದಲೆಳೆಯ ನೂರರಲ್ಲಿ ಒಂದು ಪಾಲಿನಷ್ಟು. ಇದರ ಮುಖ್ಯ ಬಗೆಯೊಂದಕ್ಕೆ ಆಧಾರವಾದ ತತ್ವವನ್ನು 1956ರಲ್ಲಿ ಬೆಂಗಳೂರಿನಲ್ಲಿ ಕುಳಿತು ಬರೆದವರು 22 ವರ್ಷದ ಒಬ್ಬ ಯುವಕ. ಜಗತ್ತಿನ ಬೆಳಕಿನ ವಿಜ್ಞಾನಿಗಳಿಗೆಲ್ಲ ಗೊತ್ತಿರುವ ಆ ಹೆಸರು ಕನ್ನಡದ ಮನೆಗಳಿಗೂ ಗೊತ್ತಾಗಬೇಕು.

ಮಾಮೂಲಿ ಮಸೂರಕ್ಕೆ ಉಬ್ಬು ಯಾಕೆ ಬೇಕು? ಗಾಜಿನೊಳಗೆ ಬೆಳಕಿನ ವೇಗ ಇಳಿಯುತ್ತದೆ. ಗಾಜು ನಡುವೆ ದಪ್ಪವಾಗಿ ಅಂಚಿನಲ್ಲಿ ತೆಳುವಾಗಿದ್ದರೆ, ನಡುವೆ ಹಾದ ಬೆಳಕು ಹೆಚ್ಚು ತಡವಾಗುತ್ತದೆ, ಅಂಚಿನದು ಮುಂದಾಗುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ತೇರೆಳೆಯುವಾಗ ಒಂದು ಕಡೆಯವರು ನಿಧಾನವಾದರೆ ತೇರು ಆ ಕಡೆಗೇ ವಾಲಿ ತಿರುಗುತ್ತದೆ. ಬೆಳಕಿನ ಅಲೆಯೂ ತಡವಾದ ಕಡೆಗೆ ತಿರುಗುತ್ತದೆ. ಸುತ್ತಲಿನ ಅಂಚೆಲ್ಲ ನಡುವಿನತ್ತ ತಿರುಗಿದಾಗ ಬೆಳಕು ಒಂದೇ ಬಿಂದುವಿನಲ್ಲಿ ಕೂಡುತ್ತದೆ.

ಅಂದರೆ ಮಸೂರಕ್ಕೆ ನಿಜವಾಗಿ ಬೇಕಾದ್ದು ಎಲ್ಲಿ ಎಷ್ಟು ತಡವಾಗಬೇಕೆಂಬ ಲೆಕ್ಕ. ಇನ್ನೊಂದು ಅನುಕೂಲವೂ ಇದೆ. ಅಲೆ ಏರಿಳಿದು ಮತ್ತೆ ಮೊದಲಿನಂತೆಯೇ ಏರುವುದರಿಂದ, ಪೂರ್ತಿ ಒಂದು ಅಲೆಯಷ್ಟು ತಡವಾದರೂ ತಡವಾಗದೇ ಇದ್ದರೂ ಫಲ ಒಂದೇ. ಹಾಗಾಗಿ ಸೊನ್ನೆಯಿಂದ ಒಂದು ಅಲೆಯವರೆಗಿನ ತಡವನ್ನು ಬೇಕಾದ ಜಾಗದಲ್ಲಿ ಬೇಕಾದಷ್ಟು ಕೊಡಲು ಬಂದರೆ ಸಾಕು, ದಪ್ಪ ಗಾಜಿನ ಹಂಗಿಲ್ಲ.

ಮೆಟಾಲೆನ್ಸ್ ಅದನ್ನು ಕೊಡುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫೆಡೆರಿಕೊ ಕಪಾಸೊ ಅವರ ತಂಡ 2016ರಲ್ಲಿ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಕೆಲಸ ಮಾಡುವ ಮೆಟಾಲೆನ್ಸ್ ಮಾಡಿ ತೋರಿಸಿತು. ಗಾಜಿನ ತಳದ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಪುಟ್ಟ ಪುಟ್ಟ ಹಲಗೆಗಳನ್ನು ನಿಲ್ಲಿಸಿದ್ದರು. ಬಿಳಿ ಪೇಂಟಿಗೆ ಬೆರೆಸುವುದೂ ಇದೇ ವಸ್ತು. ಹಸಿರು ಬೆಳಕಿಗೆಂದು ಮಾಡಿದ ಮಸೂರದಲ್ಲಿ ಒಂದೊಂದು ಹಲಗೆ 250 ನ್ಯಾನೊಮೀಟರ್ ಉದ್ದ, 95 ನ್ಯಾನೊಮೀಟರ್ ಅಗಲ, 600 ನ್ಯಾನೊಮೀಟರ್ ಎತ್ತರ. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರ್ ಎಂಬುದನ್ನು ನೆನೆದರೆ ಇದರ ಸಣ್ಣತನ ಅಂದಾಜಾಗುತ್ತದೆ. ಹಲಗೆಗಳೆಲ್ಲ ಒಂದೇ ಅಳತೆಯವು, ಒಂದೇ ಎತ್ತರದವು. ವ್ಯತ್ಯಾಸ ಇರುವುದು ಅವು ಮುಖ ಮಾಡಿರುವ ದಿಕ್ಕಿನಲ್ಲಿ ಮಾತ್ರ. ಒಂದು ಹಲಗೆಯನ್ನು ಎಷ್ಟು ಕೋನ ತಿರುಗಿಸಿ ನಿಲ್ಲಿಸುತ್ತಾರೋ ಅದರ ಎರಡರಷ್ಟು ಕೋನದ ವ್ಯತ್ಯಾಸ, ಹಾದುಹೋಗುವ ಬೆಳಕಿನ ಅಲೆಯಲ್ಲಿ ಉಂಟಾಗುತ್ತದೆ. ಅರ್ಧ ಸುತ್ತು ತಿರುಗಿಸಿದರೆ ಪೂರ್ತಿ ಒಂದು ಅಲೆಯ ಲೆಕ್ಕ ಸಿಕ್ಕಿಬಿಡುತ್ತದೆ!

ಬರೀ ತಿರುಗಿಸಿದ್ದಕ್ಕೆ ಬೆಳಕಿನ ಲೆಕ್ಕ ಬದಲಾಗುವುದು ಹೇಗೆ? ಈ ಪ್ರಶ್ನೆಯ ಉತ್ತರ ಬೆಂಗಳೂರಿನಲ್ಲಿದೆ.

ಸರ್ ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಆರಂಭಿಸಿದರು. ಅಲ್ಲಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದವರಲ್ಲಿ ಅವರ ಸೋದರಳಿಯ ಶಿವರಾಮಕೃಷ್ಣನ್ ಪಂಚರತ್ನಂ ಒಬ್ಬರು. ಹುಟ್ಟಿದ್ದು 1934ರಲ್ಲಿ. ಅಯೊಲೈಟ್ ಎಂಬ ಹರಳಿನೊಳಗೆ ಬೆಳಕು ಹೇಗೆ ಸಾಗುತ್ತದೆ ಎಂಬುದನ್ನು ಪರೀಕ್ಷಿಸುತ್ತಿದ್ದ ಅವರನ್ನು ಧ್ರುವೀಕರಣದ ಒಂದು ಮೂಲಪ್ರಶ್ನೆ ಹಿಡಿದುಕೊಂಡಿತು. ಬೆಳಕಿನ ಅಲೆ ಮೇಲೆ ಕೆಳಗೆ ಕಂಪಿಸಬಹುದು, ಅಕ್ಕಪಕ್ಕ ಕಂಪಿಸಬಹುದು, ತಿರುಪಿನಂತೆ ಸುತ್ತುತ್ತಲೂ ಸಾಗಬಹುದು. ಇದೇ ಧ್ರುವೀಕರಣ. ಬೇರೆ ಬೇರೆ ರೀತಿ ಕಂಪಿಸುವ ಎರಡು ಅಲೆಗಳು ಹೆಜ್ಜೆ ಕೂಡಿಸಿ ನಡೆಯುತ್ತಿವೆ ಎಂದು ಹೇಳುವುದು ಯಾವ ಆಧಾರದ ಮೇಲೆ?

ಧ್ರುವೀಕರಣದ ಒಂದೊಂದು ಸ್ಥಿತಿಯನ್ನೂ ಗೋಳವೊಂದರ ಮೇಲಿನ ಬಿಂದುವಾಗಿ ಗುರುತಿಸುವ ಕ್ರಮವನ್ನು ಫ್ರಾನ್ಸಿನ ಆನ್ರಿ ಪ್ವಾಂಕರೆ 1892ರಲ್ಲೇ ಕೊಟ್ಟಿದ್ದರು. ಪಂಚರತ್ನಂ ಆ ಗೋಳದ ಮೇಲೆ ಒಂದು ತ್ರಿಕೋನ ಎಳೆದರು. ಬೆಳಕನ್ನು ಮೊದಲ ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ದು, ಮತ್ತೆ ಮೊದಲನೆಯದಕ್ಕೇ ತಂದು ನಿಲ್ಲಿಸಿದರೆ ಅದು ಹೊರಟಾಗಿನ ಹೆಜ್ಜೆಯಲ್ಲೇ ಇರುವುದಿಲ್ಲ. ಒಂದು ವ್ಯತ್ಯಾಸ ಉಳಿದುಬಿಡುತ್ತದೆ. ಅದು ಆ ತ್ರಿಕೋನ ಗೋಳದ ನಡುಬಿಂದುವಿನಲ್ಲಿ ಮಾಡುವ ಘನಕೋನದ ಸರಿಯಾಗಿ ಅರ್ಧದಷ್ಟು. ಬೆಳಕು ಕ್ರಮಿಸಿದ ದೂರಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವಿಲ್ಲ, ಇದು ಹಿಡಿದ ದಾರಿಯ ಆಕಾರದಿಂದಲೇ ಬಂದದ್ದು. ಮೆಟಾಲೆನ್ಸಿನ ಹಲಗೆಯನ್ನು ತಿರುಗಿಸಿದಾಗ ಬದಲಾಗುವುದು ಇದೇ ದಾರಿ. ಹಾಗಾಗಿ ದಪ್ಪ ಒಂದಿಷ್ಟೂ ಹೆಚ್ಚದೆ ಅಲೆಯ ಲೆಕ್ಕ ಬದಲಾಗುತ್ತದೆ.

ಇದನ್ನು ವಿವರಿಸಿದ 1956ರ ಪ್ರಬಂಧ ಅಚ್ಚಾದದ್ದು ರಾಮನ್ ಅವರೇ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ. ಮುಂದೆ ಪಂಚರತ್ನಂ ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲೇ 1969ರಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೆಲಸದ ಪೂರ್ತಿ ಬೆಲೆ ಆಗಿನ್ನೂ ಲೋಕಕ್ಕೆ ತಿಳಿದಿರಲಿಲ್ಲ.

1984ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮೈಕೆಲ್ ಬೆರ್ರಿ ಕ್ವಾಂಟಂ ಭೌತವಿಜ್ಞಾನದಲ್ಲಿ ಇಂಥದೇ ವ್ಯತ್ಯಾಸವೊಂದನ್ನು ಕಂಡು ಹೆಸರಾದರು. ಇದರ ಮೊದಲ ಉದಾಹರಣೆ ಪಂಚರತ್ನಂ ಅವರ ಬರಹದಲ್ಲೇ ಇದೆ ಎಂದು 1986ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ. ಮರುವರ್ಷ ಬೆರ್ರಿ ತಾವೇ ಒಂದು ಪ್ರಬಂಧ ಬರೆದು ಪಂಚರತ್ನಂ ಅವರ ಕೆಲಸವನ್ನು ಮೆಚ್ಚಿ ವಿವರಿಸಿದರು. 1988ರಲ್ಲಿ ರಾಮನ್ ಸಂಸ್ಥೆಯ ರಾಜೇಂದ್ರ ಭಂಡಾರಿ, ಜೋಸೆಫ್ ಸ್ಯಾಮ್ಯುಯೆಲ್ ಆ ವ್ಯತ್ಯಾಸವನ್ನು ಲೇಸರ್ ಪ್ರಯೋಗದಲ್ಲಿ ಕಂಡರು. ಈಗ ಅದಕ್ಕೆ ಪಂಚರತ್ನಂ–ಬೆರ್ರಿ ಪ್ರಾವಸ್ಥೆ ಎಂದೇ ಹೆಸರು. ಹಾರ್ವರ್ಡಿನ 2016ರ ಮಸೂರದ ವಿನ್ಯಾಸ ನಿಂತಿರುವುದು ಇದರ ಮೇಲೆ.

ಇಷ್ಟಾದರೂ ಚಪ್ಪಟೆ ಮಸೂರಕ್ಕೆ ಒಂದು ದೊಡ್ಡ ತೊಡಕಿದೆ, ಅದು ಬಣ್ಣ. ಹಸಿರಿಗೆ ಲೆಕ್ಕ ಹಾಕಿ ಮಾಡಿದ ಮಸೂರ ಕೆಂಪನ್ನು ಹತ್ತಿರದಲ್ಲೂ ನೀಲಿಯನ್ನು ದೂರದಲ್ಲೂ ಕೂಡಿಸುತ್ತದೆ. ಚಿತ್ರದ ಅಂಚುಗಳಲ್ಲಿ ಬಣ್ಣ ಚೆದುರುತ್ತದೆ. ಇದಕ್ಕೆ ಒಂದು ಪರಿಹಾರ ಪದರಗಳನ್ನು ಪೇರಿಸುವುದು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ಮತ್ತು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಇಂಥ ಪದರ ಮಸೂರದ ವಿನ್ಯಾಸ ಪ್ರಕಟಿಸಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಪದರ. ಯಾವ ಆಕಾರ ಎಲ್ಲಿರಬೇಕೆಂದು ಕಂಪ್ಯೂಟರಿಗೆ ಹುಡುಕಲು ಬಿಟ್ಟಾಗ ದುಂಡು ಮೂಲೆಯ ಚೌಕ, ನಾಲ್ಕೆಸಳಿನ ಎಲೆ, ಪ್ರೊಪೆಲರ್‌ನಂಥ ಆಕಾರಗಳು ಹೊರಬಂದವು. ಬೆಳಕು ಯಾವ ರೀತಿ ಕಂಪಿಸಿದರೂ ಈ ಮಸೂರ ಕೆಲಸ ಮಾಡುತ್ತದೆ. ಆದರೆ ಈ ದಾರಿಯಲ್ಲಿ ಹೆಚ್ಚೆಂದರೆ ಐದು ಬಣ್ಣದವರೆಗೆ ಹೋಗಬಹುದು ಎಂದು ಆ ಸಂಶೋಧಕರೇ ಹೇಳಿದ್ದಾರೆ.

ಬಣ್ಣದ ತೊಡಕನ್ನು ಪದರಗಳಿಂದ ಬಿಡಿಸುವ ಕೆಲಸವನ್ನೂ ಪಂಚರತ್ನಂ ಬೇರೆ ಸಂದರ್ಭದಲ್ಲಿ ಮಾಡಿದ್ದರು. ಹರಳಿನ ಒಂದು ಹಾಳೆ ಒಂದು ಬಣ್ಣಕ್ಕೆ ಸರಿಯಾಗಿ ವರ್ತಿಸಿದರೆ ಇನ್ನೊಂದಕ್ಕೆ ತಪ್ಪುತ್ತದೆ. ಮೂರು ಹಾಳೆಗಳನ್ನು ಲೆಕ್ಕದ ಕೋನದಲ್ಲಿ ತಿರುಗಿಸಿ ಒಂದರ ಹಿಂದೊಂದು ಇಟ್ಟರೆ ತಪ್ಪುಗಳು ಒಂದನ್ನೊಂದು ಕಳೆಯುತ್ತವೆ ಎಂದು ಅವರು 1955ರಲ್ಲಿ ತೋರಿಸಿದರು. ನಕ್ಷತ್ರಗಳ ಬೆಳಕಿನ ಧ್ರುವೀಕರಣ ಅಳೆಯುವ ಉಪಕರಣಗಳಲ್ಲಿ ಈ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ.

ಮೆಟಾಲೆನ್ಸ್ ತಯಾರಾಗುವುದು ಗಾಜನ್ನು ಉಜ್ಜಿ ನಯ ಮಾಡುವುದರಿಂದಲ್ಲ, ಕಂಪ್ಯೂಟರ್ ಚಿಪ್ ಮಾಡುವ ವಿಧಾನದಿಂದ. 2022ರಲ್ಲಿ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿ ದೂರ ಅಳೆಯುವ ಸೆನ್ಸರ್‌ಗಳಲ್ಲಿ ಇದನ್ನು ಅಳವಡಿಸಿ ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿ ಒಂದೇ ಬಣ್ಣದ ಇನ್‌ಫ್ರಾರೆಡ್ ಬೆಳಕು ಸಾಕಾದ್ದರಿಂದ ಬಣ್ಣದ ಗೊಡವೆಯೇ ಇಲ್ಲ. 2018ರಲ್ಲಿ ಹಾರ್ವರ್ಡ್ ಸಂಶೋಧಕರು ಮತ್ತು ಬಾಸ್ಟನ್ ವೈದ್ಯರು ಎಂಡೋಸ್ಕೋಪಿನ ತುದಿಗೆ ಮೆಟಾಲೆನ್ಸ್ ಕೂಡಿಸಿ ಅಂಗಾಂಶದ ಆಳದ ಚಿತ್ರ ತೆಗೆದರು. 2024ರಲ್ಲಿ 10 ಸೆಂಟಿಮೀಟರ್ ಅಗಲದ, 1870 ಕೋಟಿ ಗಾಜಿನ ಕಂಬಗಳ ಮಸೂರ ತಯಾರಾಯಿತು. ಅದರ ಮೂಲಕ ಸೂರ್ಯ, ಚಂದ್ರರ ಚಿತ್ರ ತೆಗೆದರು. ಮೊಬೈಲಿನ ಮುಖ್ಯ ಕ್ಯಾಮೆರಾಕ್ಕೆ ಬೇಕಾದ ಪೂರ್ಣ ಬಣ್ಣದ, ಹೊಳಪು ಕುಂದದ ಚಿತ್ರಕ್ಕೆ ಇನ್ನೂ ಕೆಲಸ ಬಾಕಿ ಇದೆ.

ಬೆಂಗಳೂರಿನಲ್ಲೂ ಈ ಕ್ಷೇತ್ರದ ಕೆಲಸ ನಿಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಧೂಳು ಸುಳಿಯದ ಕೋಣೆಗಳಿವೆ, ನ್ಯಾನೊ ಅಳತೆಯ ರಚನೆಗಳನ್ನು ಕೊರೆಯುವ ಯಂತ್ರಗಳಿವೆ. ಅದೇ ಸಂಸ್ಥೆಯ ವರುಣ್ ರಘುನಾಥನ್ ಅವರ ತಂಡದ ಪದರಗಳ ಕನ್ನಡಿಯೊಂದು 2024ರಲ್ಲಿ ಸುದ್ದಿಯಾಯಿತು. ಕೆಳಗೆ ಚಿನ್ನ, ನಡುವೆ ಸಿಲಿಕಾನ್ ಡೈಆಕ್ಸೈಡ್, ಮೇಲೆ 45 ನ್ಯಾನೊಮೀಟರ್ ದಪ್ಪದ ಗ್ಯಾಲಿಯಂ ಸೆಲೆನೈಡ್. ಕಣ್ಣಿಗೂ ಮಾಮೂಲಿ ಕ್ಯಾಮೆರಾಕ್ಕೂ ಕಾಣದ, 1550 ನ್ಯಾನೊಮೀಟರ್ ತರಂಗದೂರದ ಇನ್‌ಫ್ರಾರೆಡ್ ಬೆಳಕನ್ನು ಅದು 622 ನ್ಯಾನೊಮೀಟರಿನ ಕೆಂಪು ಬೆಳಕಾಗಿಸುತ್ತದೆ.

ದ್ವಿತೀಯ ಪಿಯುಸಿ ಭೌತವಿಜ್ಞಾನದಲ್ಲಿ ಬಳ್ಳಾರಿಯ ಮಕ್ಕಳೂ ವ್ಯತಿಕರಣ, ಧ್ರುವೀಕರಣ ಓದುತ್ತಾರೆ. ಆ ಪಾಠ ಮಾಡುವ ಮೇಷ್ಟ್ರು ಹೈಗೆನ್ಸ್, ಯಂಗ್ ಅವರ ಹೆಸರಿನ ಜೊತೆಗೆ ಪಂಚರತ್ನಂ ಅವರ ಹೆಸರನ್ನೂ ಹೇಳಬೇಕು. 1956ರ ಆ ಪ್ರಬಂಧವನ್ನು ಓದಲು ಪ್ವಾಂಕರೆ ಗೋಳದ ಪರಿಚಯ ಮತ್ತು ಗೋಳದ ಮೇಲಿನ ತ್ರಿಕೋನಮಿತಿ ಗೊತ್ತಿರಬೇಕು, ಬಿ.ಎಸ್ಸಿ. ಮಟ್ಟದ ಆಸಕ್ತ ವಿದ್ಯಾರ್ಥಿ ಮೇಷ್ಟ್ರ ನೆರವಿನಿಂದ ಅದನ್ನು ಬಿಡಿಸಿಕೊಳ್ಳಬಲ್ಲ.