ಹರಿಯುವ ಹೊಳೆಯಲ್ಲಿ ಎರೆ ನಿಲ್ಲುವ ಬಗೆ

ಗಾಳ ಹಾಕಿ ಕುಳಿತವನ ತಾಳ್ಮೆಯನ್ನು ಎಲ್ಲರೂ ಹೊಗಳುವುದುಂಟು. ಆದರೆ ತಾಳ್ಮೆಯೊಂದೇ ಸಾಕಾಗುವುದು ಕೆರೆಯ ದಂಡೆಯಲ್ಲಿ ಮಾತ್ರ. ಚಿತ್ರದುರ್ಗ, ಹೊಳಲ್ಕೆರೆಗಳ ಕಡೆ ನಿಂತ ನೀರಿಗೆ ಗಾಳ ಹಾಕಿ ರೂಢಿಯಾದವರು ಹೊಸದುರ್ಗದಲ್ಲೋ ಹಿರಿಯೂರಿನಲ್ಲೋ ತುಂಬಿ ಹರಿಯುವ ವೇದಾವತಿಯ ದಡಕ್ಕೆ ಬಂದು ನೋಡಲಿ. ಎರೆಯು ತಳ ಮುಟ್ಟುವ ಮೊದಲೇ ಸೆಳವಿಗೆ ಸಿಕ್ಕಿ ಹತ್ತು ಮಾರು ಕೆಳಗೆ ದಡ ಸೇರಿರುತ್ತದೆ. ಆಗ ಎಲ್ಲರಿಗೂ ತೋರುವ ಉಪಾಯ ಒಂದೇ: ಇನ್ನಷ್ಟು ಸೀಸ ಕಟ್ಟುವುದು. ಇದು ಅರ್ಧ ಉಪಾಯ. ಎರೆಯನ್ನು ನಿಲ್ಲಿಸುವುದು ಭಾರಕ್ಕಿಂತ ಹೆಚ್ಚಾಗಿ ಅದು ಬೀಳುವ ಜಾಗ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವುಂಟು. ಮೀನುಗಳ ಜಾತಿಯೇನು, ಯಾವುದಕ್ಕೆ ಯಾವ ಆಹಾರ, ಗಾಳ ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ವಿಚಾರಿಸಿದ್ದಾನೆ.

ಮೊದಲು ನೀರಿನ ಸ್ವಭಾವವನ್ನು ತಿಳಿಯೋಣ. ಹೊಳೆಯ ನೀರು ಮೇಲಿನಿಂದ ತಳದವರೆಗೆ ಒಂದೇ ವೇಗದಲ್ಲಿ ಓಡುವುದಿಲ್ಲ. ತಳದ ಕಲ್ಲು ಮರಳುಗಳಿಗೆ ಉಜ್ಜಿಕೊಂಡು ಹೋಗುವ ಪದರ ನಿಧಾನವಾಗಿ ಸಾಗುತ್ತದೆ. ಮೇಲ್ಭಾಗದ ನೀರಿಗೆ ಅಂಥ ತಡೆಯಿಲ್ಲ. ನೀರಿನ ವೇಗವನ್ನು ಅಳೆಯುವ ಎಂಜಿನಿಯರುಗಳು ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಅಳೆದು, ಅದನ್ನೇ ಸರಾಸರಿಯೆಂದು ಹಿಡಿಯುವುದು ಈ ಕಾರಣದಿಂದಲೇ. ಇನ್ನೊಂದು ಮಾತು: ವೇಗವು ಎರಡರಷ್ಟಾದರೆ ನೀರಿನ ನೂಕುಬಲ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಸೆಳವಿನೊಡನೆ ಬರಿಯ ತೂಕದಿಂದ ಸೆಣಸುವವನು ಬೇಗ ಸೋಲುತ್ತಾನೆ.

ಎರೆ ತಳಕ್ಕಿಳಿದರೆ ಅಲ್ಲಿ ನಿಧಾನದ ನೀರಿದೆಯಲ್ಲ, ಮತ್ತೇಕೆ ನಿಲ್ಲದು ಎಂದು ನೀವು ಕೇಳಬಹುದು. ಅಪರಾಧ ಎರೆಯದಲ್ಲ, ದಾರದ್ದು. ಕೋಲಿನ ತುದಿಯಿಂದ ತಳದವರೆಗಿನ ದಾರವೆಲ್ಲ ಮೇಲಿನ ವೇಗದ ನೀರಿಗೆ ಒಡ್ಡಿಕೊಂಡು ಬಿಲ್ಲಿನಂತೆ ಬಾಗಿ ಎರೆಯನ್ನು ಎತ್ತಿ ಎಳೆಯುತ್ತದೆ. ಆದಕಾರಣ ದಾರ ತೆಳುವಾಗಿರಲಿ. ಕೋಲನ್ನು ಎತ್ತರಕ್ಕೆ ಹಿಡಿಯಿರಿ. ನೀರಿನಲ್ಲಿ ಮುಳುಗುವ ದಾರ ಅಷ್ಟು ಕಡಿಮೆಯಾಗುತ್ತದೆ. ನಿಮ್ಮ ನೇರಕ್ಕೆ ಎಸೆಯದೆ ತುಸು ಮೇಲು ಹರಿವಿಗೆ ಎಸೆಯಿರಿ. ಎರೆ ತೇಲುತ್ತ ನಿಮ್ಮ ಎದುರಿಗೆ ಬರುವಷ್ಟರಲ್ಲಿ ತಳ ಸೇರಿರುತ್ತದೆ.

ಭಾರದ ವಿಚಾರವನ್ನೂ ಬಿಡುವಂತಿಲ್ಲ. ನೂರು ಗ್ರಾಂ ಸೀಸ ನೀರಿನಲ್ಲಿ ಸುಮಾರು 91 ಗ್ರಾಂ ತೂಗಿದರೆ, ಅಷ್ಟೇ ತೂಕದ ಕಗ್ಗಲ್ಲು 60 ಗ್ರಾಮಿಗೆ ತುಸು ಮೇಲೆ ತೂಗುತ್ತದೆ. ಕಲ್ಲು ಕಟ್ಟುವುದಕ್ಕಿಂತ ಸೀಸ ಮೇಲೆನ್ನುವುದು ಇದಕ್ಕೇ. ಅದರ ಆಕಾರವೂ ಮುಖ್ಯ. ದುಂಡಗಿನ ಗುಂಡು ಉರುಳುತ್ತದೆ, ಚಪ್ಪಟೆಯದು ಕಚ್ಚಿ ನಿಲ್ಲುತ್ತದೆ. ಅದನ್ನು ಗಾಳಕ್ಕೆ ತಾಗಿಸದೆ ಒಂದೆರಡು ಗೇಣು ಮೇಲೆ ಕಟ್ಟಿದರೆ, ಭಾರ ನೆಲ ಹಿಡಿದಿರುತ್ತದೆ, ಎರೆಹುಳು ಸಹಜವಾಗಿ ಅಲುಗುತ್ತಿರುತ್ತದೆ. ಸೀಸ ವಿಷವಸ್ತು, ಅದನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ಅಭ್ಯಾಸ ಬೇಡ. ಮಕ್ಕಳ ಕೈಗೂ ಕೊಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲಿ ಎಸೆಯಬೇಕು? ಇದಕ್ಕೆ ಹೊಳೆಯೇ ಉತ್ತರ ಹೇಳುತ್ತದೆ. ತಾನು ಹೊತ್ತು ತಂದುದನ್ನು ಹೊಳೆ ಎಲ್ಲಿ ಇಳಿಸುತ್ತದೆಯೋ ಅಲ್ಲಿ ನಿಮ್ಮ ಎರೆಯನ್ನೂ ಇಳಿಸುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದಾಗ ಪಾತ್ರದಲ್ಲಿ ನಡೆದು ನೋಡಿ. ಬರಿಯ ಗುಂಡುಗಲ್ಲು ಉಳಿದಿರುವ ಕಡೆ ಸೆಳವು ಬಲವಾಗಿತ್ತು; ಅಲ್ಲಿ ಎರೆ ನಿಲ್ಲದು. ನುಣ್ಣನೆಯ ಮರಳು, ಗೋಡು, ಕೊಳೆತ ಎಲೆಗಳು ಕೂತಿರುವ ಕಡೆ ನಿಲ್ಲುತ್ತದೆ. ತಿರುವಿನ ಒಳಮಗ್ಗುಲು, ಬಂಡೆಯ ಮರೆ, ಮಡುವಿನ ಅಂಚು ಇಂಥ ಜಾಗಗಳು. ಮೀನೂ ಓಟದ ನೀರಿನಲ್ಲಿ ದಣಿಯದೆ ಇಂಥ ಮರೆಯಲ್ಲಿ ತಲೆಯನ್ನು ಹರಿವಿಗೆ ಎದುರಾಗಿಟ್ಟು, ತೇಲಿಬರುವ ತುತ್ತಿಗೆ ಕಾದಿರುತ್ತದೆ.

ಆದರೆ ತಳದ ಎರೆ ಎಲ್ಲ ಮೀನಿಗೂ ಹಿಡಿಸದು. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ ಮೇಯುತ್ತವೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಈ ಎರಡನೆಯ ಬಗೆಯವನ್ನು ಕರೆಯಲು ರಾಗಿಹಿಟ್ಟು, ಕಡಲೆಕಾಯಿ ಹಿಂಡಿಗಳನ್ನು ಜೇಡಿಮಣ್ಣಿನೊಡನೆ ಗಟ್ಟಿಯಾಗಿ ನಾದಿ ಉಂಡೆ ಮಾಡಿ ಹಾಕಬಹುದು. ಮಣ್ಣಿನ ಭಾರಕ್ಕೆ ಉಂಡೆ ಮುಳುಗುತ್ತದೆ, ಮೆಲ್ಲನೆ ಕರಗುತ್ತದೆ. ನೀರು ಹೆಚ್ಚಾಗಿ ಸಡಿಲವಾದ ಉಂಡೆ ನಡುದಾರಿಯಲ್ಲೇ ಒಡೆದು ಕೆಳಗಿನ ಊರಿನವರ ಮೀನಿಗೆ ಔತಣವಾಗುತ್ತದೆ!

ಕಡೆಗೆ ಒಂದು ಎಚ್ಚರಿಕೆ. ವಾಣಿವಿಲಾಸ ಸಾಗರದ ಅಣೆಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 89 ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ. ಹಿರಿಯೂರಿನ ಕಡೆ ತಲೆಮಾರುಗಳೇ ಕೋಡಿಯ ನೀರು ಕಾಣದೆ ಬೆಳೆದಿದ್ದವು. ಹೊಳೆ ಬಂದಾಗ ನೋಡುವ ಸಂತೋಷ ಎಷ್ಟಿರುತ್ತದೆಯೋ ಅದರ ಸೆಳವಿನ ಅಂದಾಜು ಅಷ್ಟೇ ಕಡಿಮೆ. ಎರೆಗೆ ಹೇಳಿದ ಲೆಕ್ಕ ಮನುಷ್ಯನ ಕಾಲಿಗೂ ಸಲ್ಲುತ್ತದೆ. ಬಂಡೆಯ ಮರೆಯ ಶಾಂತ ನೀರಿನಿಂದ ಒಂದು ಹೆಜ್ಜೆ ಆಚೆಗೆ ನಾಲ್ಕರಷ್ಟು ಬಲ ಕಾದಿರಬಹುದು. ಮರಳು ತೆಗೆದ ಗುಂಡಿ ನೀರಿನಡಿ ಕಾಣುವುದಿಲ್ಲ. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ನೀರಿಗಿಳಿಯಬೇಡಿ, ದಾರವನ್ನು ಕೊಯ್ದುಬಿಡಿ. ಮೀನುಗಾರಿಕೆ ಇಲಾಖೆಯವರನ್ನು ಕೇಳಿ, ಅನುಮತಿಯುಳ್ಳ ಜಾಗದಲ್ಲಿ, ಅನುಮತಿಯುಳ್ಳ ಕಾಲದಲ್ಲಿ ಮಾತ್ರ ಗಾಳ ಹಾಕಿ. ಮೊಟ್ಟೆಯಿಡಲು ಏರಿ ಬರುವ ಮೀನನ್ನು ಬಿಟ್ಟರೆ ಮುಂದಿನ ವರ್ಷವೂ ಹೊಳೆಯಲ್ಲಿ ಮೀನಿರುತ್ತದೆ.