ಪುಟ್ಟ ಬೋರ್ಡೇ ಪ್ರೋಗ್ರಾಮರ್ ಆಗುವ ಬಗೆ

ಪ್ರಶ್ನೆ: ನಂಜನಗೂಡು, ತಿ. ನರಸೀಪುರದ ಕಡೆಯ ಪಂಪ್‌ಸೆಟ್ ಸ್ಟಾರ್ಟರ್‌ಗಳಿಗೆ ಮೈಕ್ರೋಕಂಟ್ರೋಲರ್ ಅಳವಡಿಸಬಯಸುವವರು ಪ್ರೋಗ್ರಾಮರ್ ಮತ್ತು ಡಿಬಗ್ಗರ್ ಬೋರ್ಡನ್ನು ಮನೆಯಲ್ಲೇ ಅಗ್ಗವಾಗಿ ಮಾಡಿಕೊಳ್ಳುವುದು ಹೇಗೆ?

2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡನ್ನು, ಅದರ ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಕಂಪ್ಯೂಟರಿನ ಯುಎಸ್‌ಬಿಗೆ ಜೋಡಿಸಿ, ‘ಡಿಬಗ್‌ಪ್ರೋಬ್’ ಎಂಬ ಉಚಿತ ತಂತ್ರಾಂಶದ ಕಡತವನ್ನು ಅದರೊಳಗೆ ನಕಲು ಮಾಡಿದರೆ ಸಾಕು, ಅದೇ ಪ್ರೋಗ್ರಾಮರ್, ಅಂದರೆ ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಸಾಧನ, ಆಗುತ್ತದೆ. ಮುಂದೆ ಅದರಿಂದ ಸ್ಟಾರ್ಟರಿನ ಮೈಕ್ರೋಕಂಟ್ರೋಲರ್ ಚಿಪ್ಪಿಗೆ, ಅದು ಆರ್ಮ್ ಕಾರ್ಟೆಕ್ಸ್-ಎಂ ಬಗೆಯದಾಗಿದ್ದರೆ, ಮೂರೇ ತಂತಿಗಳು ಬೇಕು: ಕೆಲಸದ ಲಯ ಕೊಡುವ ಕ್ಲಾಕ್, ಮಾಹಿತಿ ಸಾಗಿಸುವ ಡೇಟಾ, ಎರಡಕ್ಕೂ ಆಧಾರವಾದ ಗ್ರೌಂಡ್.

ಇದೇ ಬೋರ್ಡು ಡಿಬಗ್ಗರ್, ಅಂದರೆ ಪ್ರೋಗ್ರಾಮಿನ ದೋಷ ಹುಡುಕುವ ಸಾಧನ, ಆಗಿಯೂ ಕೆಲಸ ಮಾಡುವುದರಲ್ಲಿ ಅದರ ನಿಜವಾದ ಬೆಲೆಯಿದೆ. ಕಬಿನಿ ನಾಲೆಯ ನೀರುಗಂಟಿ ತೂಬು ಮುಚ್ಚಿ, ನೀರಿನ ಮಟ್ಟ ನೋಡಿ, ಮತ್ತೆ ತೆರೆಯುವಂತೆ, ಚಿಪ್ಪಿನೊಳಗೇ ಇರುವ ಡಿಬಗ್ ಘಟಕವು ಸೂಚಿಸಿದ ಆದೇಶದ ವಿಳಾಸ ಬಂದೊಡನೆ ಪ್ರೊಸೆಸರನ್ನು ನಿಲ್ಲಿಸುತ್ತದೆ. ಆಗ ಒಳಗಿನ ಮೌಲ್ಯಗಳನ್ನು ಕಂಪ್ಯೂಟರಿನಲ್ಲಿ ಓದಿ, ತಿದ್ದಿ, ಓಟವನ್ನು ಮುಂದುವರಿಸಬಹುದು.

ಪ್ರೊಸೆಸರ್ ನಿಂತರೂ ಅದರ ಪಿನ್‌ಗಳು ಇದ್ದ ಸ್ಥಿತಿಯಲ್ಲೇ ಉಳಿಯುವುದರಿಂದ ಮೋಟಾರಿಗೆ ವಿದ್ಯುತ್ ಕೊಡುವ ರಿಲೇ ಬಿಡದೆ ಮೋಟಾರು ಓಡುತ್ತಲೇ ಇರಬಹುದು. ಆದ್ದರಿಂದ ಪರೀಕ್ಷೆಯ ವೇಳೆ ಮೋಟಾರಿನ ಸಂಪರ್ಕ ತೆಗೆದಿಡಲೇಬೇಕು. ಪಿಕೊ ಪಿನ್‌ಗಳು 3.3 ವೋಲ್ಟಿನವು, ಅವುಗಳಿಗೆ 5 ವೋಲ್ಟ್ ಕೊಡಬಾರದು.